ಉಪ್ಪು ಮುಂದಾದ ಬಸ್ಸಾರು

ಕುಂಬಾರಕೊಪ್ಪಲು, ಮೈಸೂರು
೨೩ ಮೇ ೨೦೨೫, ಶುಕ್ರವಾರ

ಪ್ರೀತಿಯ ತಂಗಿ ಪಂಕಜಾಳಿಗೆ,

ನಿನ್ನ ಅಕ್ಕ ಇಂದ್ರಳ ತುಂಬು ಮನಸ್ಸಿನ ಆಶೀರ್ವಾದಗಳು. ನಾವು ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಹಾಗಾಗಿ ಇದ್ದೇವೆ ಎಂದಷ್ಟೇ ಬರೆದಿದ್ದೇನೆ. ನಿನ್ನ ಮೊಮ್ಮಗನ ನಾಮಕರಣಕ್ಕೆ ಹಾಸನಕ್ಕೆ ಬರಲಿಲ್ಲ, ಫೋನಿನಲ್ಲೂ ಸರಿಯಾಗಿ ಮಾತಾಡಲಿಲ್ಲ ಎಂದು ನಿನಗೆ ಸಿಟ್ಟಿದೆ, ಗೊತ್ತು. ಏನು ಮಾಡಲಿ ಹೇಳು. ನಿನ್ನ ಕಿವಿಯ ಮಿಷನ್ನು ಫೋನಿನ ಹತ್ತಿರ ಬಂದರೆ ಕುಯ್ಯೋ ಎನ್ನುತ್ತದೆ. ನಾನು ಕೂಗಿ ಹೇಳಿದರೆ ನಮ್ಮ ಮನೆಯವರಿಗೆಲ್ಲ ಕೇಳಿಸುತ್ತದೆ, ಎದುರುಮನೆಯವರಿಗೂ ಕೇಳಿಸುತ್ತದೆ, ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಇದು ಕೂಗಿ ಹೇಳುವ ವಿಷಯವಲ್ಲ. ಅದಕ್ಕೇ ಹಿರಿಯ ಮಗನ ಕಡೆಯ ಮೊಮ್ಮಗಳು ಗಗನಳ ಹಳೆಯ ಪುಸ್ತಕದಿಂದ ನಾಲ್ಕು ಹಾಳೆ ಕಿತ್ತುಕೊಂಡು ಕೂತಿದ್ದೇನೆ. ತಡವಾಗಿದ್ದಕ್ಕೆ ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಿರಿಯ ಸೊಸೆ ವಾಣಿ ಮನೆ ಬಿಟ್ಟು ಹೊರಟಿದ್ದಾಳೆ. ಭಾನುವಾರ ಸಂಜೆ ಬಸ್ಸು, ಪುಣೆಗೆ, ಅವಳ ಅಪ್ಪನ ಮನೆಗೆ. ಮಗುವೂ ಜೊತೆಗೆ. ಅವಳ ಗಂಡ ಸಿದ್ದೇಶ ಒಂದು ಮಾತು ಬೇಡ ಎನ್ನುತ್ತಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಭಾನುವಾರ ಹೋಗ್ತೀನಿ ಅತ್ತೆ" ಅಂದಳು. ನಮ್ಮಲ್ಲಿ ಯಾರಾದರೂ ಹಾಗೆ ಅನ್ನುತ್ತಾರಾ ಪಂಕಜಾ? ಬೀದಿ ಕೊನೆಗೆ ಹಾಲು ತರಲು ಹೊರಟವರೂ ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಅವಳಿಗೆ ಹಾಗೆ ಅನ್ನಬೇಕೆಂದು ಗೊತ್ತಿಲ್ಲವೋ, ಗೊತ್ತಿದ್ದೇ ಬಿಟ್ಟಳೋ ನನಗೆ ತಿಳಿಯಲಿಲ್ಲ.

ಇದೆಲ್ಲ ಶುರುವಾಗಿದ್ದು ರಜೆಗೆ ಹೋದಾಗ. ಹಿರಿಯವನು ಯೋಗೇಂದ್ರನ ಸ್ನೇಹಿತನದ್ದು ಹುಣಸೂರಿನಿಂದಾಚೆ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಮನೆಯಿದೆ. ಮೂರು ದಿನ ಇದ್ದು ಬನ್ನಿ ಎಂದು ಬೀಗದ ಕೈ ಕೊಟ್ಟ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ನನ್ನ ನಾದಿನಿ ಸುಮಿತ್ರಮ್ಮನ ಸಂಸಾರ, ಎಲ್ಲ ಸೇರಿ ಹದಿನಾರು ಜನ. ಅಲ್ಲಿ ಅಡುಗೆಯವನೊಬ್ಬ ಇದ್ದಾನಂತೆ, ಊಟಕ್ಕೆ ತಲೆಗಿಷ್ಟು ಎಂದು ಕೇಳಿದನಂತೆ. ಆ ದುಡ್ಡು ಕೇಳಿ ನನಗೆ ಮೈ ಉರಿದುಹೋಯಿತು. "ಹದಿನಾರು ಜನಕ್ಕೆ ಬೇಯಿಸಕ್ಕೆ ನಂಗೆ ಬರಲ್ವೇನೋ? ಪಾತ್ರೆ ಒಲೆ ಇದ್ರೆ ಸಾಕು, ಮೂರು ದಿನ ನಾನು ಹಾಕ್ತೀನಿ ಊಟ" ಅಂದೆ. ನನ್ನ ಜಂಬ ನಿನಗೆ ಗೊತ್ತಲ್ಲ. ಇರುವುದರಲ್ಲಿ ಎಲ್ಲರ ಹೊಟ್ಟೆ ತುಂಬಿಸುವುದೊಂದೇ ನನಗೆ ಬರುವ ವಿದ್ಯೆ.

ಹೊರಡುವ ಹಿಂದಿನ ದಿನ ಮನೆಯೆಲ್ಲ ಗಲಾಟೆ. ರಾಗಿಹಿಟ್ಟು, ಹುರುಳಿಕಾಳು, ಗಟ್ಟಿ ಅವಲಕ್ಕಿ, ಹುಣಸೆಹಣ್ಣು, ಸಾರಿನಪುಡಿ ಎಲ್ಲ ಕಟ್ಟಿದೆ. ಅಕ್ಕಿ ಡಬ್ಬ ಬಗ್ಗಿಸಿದರೆ ತಳದಲ್ಲಿ ಒಂದು ಹಿಡಿ. ವಾಣಿ ಅಂಗಡಿಗೆ ಹೊರಟಿದ್ದಳು, ಅವಳಿಗೆ ಕೂಗಿ, "ವಾಣಿ, ಅಕ್ಕಿ ಹೆಚ್ಚಿದೆ ನೋಡಮ್ಮ" ಅಂದೆ. ಅವಳು "ಆಯ್ತು ಅತ್ತೆ" ಅಂದಳು.

ನೀನೀಗ ನಗುತ್ತಿರುತ್ತೀಯ. ಚಿಕ್ಕಂದಿನಲ್ಲಿ ನೀನು "ಅಮ್ಮಾ, ಅಕ್ಕಿ ಖಾಲಿ" ಅಂದಾಗ ಅಮ್ಮ ಕೈಮೇಲೆ ಫಟ್ಟನೆ ಕೊಟ್ಟಿದ್ದಳಲ್ಲ. ಅಕ್ಕಿ, ಉಪ್ಪು, ಅರಿಶಿನ, ಕುಂಕುಮ ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಿದೆ ಅನ್ನಬೇಕು. ಬಳೆ ಒಡೆದರೂ ಹೆಚ್ಚಿತು. ನಮಗೆ ಅದು ಉಸಿರಾಡಿದ ಹಾಗೆ ಬರುತ್ತದೆ. ವಾಣಿ ಪುಣೆಯಲ್ಲಿ ಬೆಳೆದವಳು, ತಾಯಿ ಮರಾಠಿಯವರು. ಸಿದ್ದೇಶ ಅಲ್ಲಿಯ ಕೆಲಸ ಬಿಟ್ಟು ಇಲ್ಲಿ ಎಲೆಕ್ಟ್ರಿಕಲ್ ಅಂಗಡಿ ಹಾಕಿದ ಮೇಲೆ, ಒಂದು ವರ್ಷದಿಂದ ನಮ್ಮ ಜೊತೆ ಇದ್ದಾಳೆ. ಹೆಚ್ಚಿದೆ ಅಂದರೆ ಜಾಸ್ತಿ ಇದೆ ಎಂದೇ ಆ ಹುಡುಗಿಗೆ ಅರ್ಥವಾಯಿತು. ಅಕ್ಕಿ ತರಲಿಲ್ಲ. ಅವಳು ತಂದಿದ್ದಾಳೆ ಎಂದು ನಾನು, ನಾನು ಕಟ್ಟಿದ್ದೇನೆ ಎಂದು ಅವಳು.

ಕೆರೆ ದಂಡೆಗೆ ಹೋಗಿ ಸಂಜೆ ಗಂಟು ಬಿಚ್ಚಿದರೆ ಅಕ್ಕಿಯೇ ಇಲ್ಲ. ಹತ್ತಿರದಲ್ಲಿ ಒಂದು ಅಂಗಡಿಯೂ ಇಲ್ಲ. ವಿಷಯ ಗೊತ್ತಾದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಮಿತ್ರಮ್ಮ ಮಾತ್ರ ನಗುತ್ತಲೇ ಒಂದು ಮುಳ್ಳು ಚುಚ್ಚಿದಳು: "ಅಲ್ಲ ಕಣವ್ವ, ಇಷ್ಟು ಓದಿದ್ದೀಯ, ಹೆಚ್ಚಿದೆ ಅಂದ್ರೆ ಗೊತ್ತಾಗಲ್ವ?" ವಾಣಿ ಮುಖ ಕೆಂಪಾಯಿತು. ನಾನು ರಾಗಿಹಿಟ್ಟಿನ ಗಂಟು ಬಿಚ್ಚಿ ಎಸರಿಟ್ಟೆ. ಆ ರಾತ್ರಿ ಎಲ್ಲರಿಗೂ ಮುದ್ದೆ, ಹುರುಳಿಕಾಳು ಸಾರು. ಪಟ್ಟಣದ ಮೊಮ್ಮಕ್ಕಳೂ ಚಕಾರವೆತ್ತದೆ ನುಂಗಿದವು. ಮಿಕ್ಕ ಮುದ್ದೆ ನೀರಲ್ಲಿ ಹಾಕಿಟ್ಟೆ, ಬೆಳಿಗ್ಗೆ ಮಜ್ಜಿಗೆ ಈರುಳ್ಳಿ ಬೆರೆಸಿದರೆ ಅಂಬಲಿ ಆಯಿತು.

ಮಾರನೆಯ ದಿನ ಕೆರೆಯ ಏರಿ ಮೇಲೆ ಒಬ್ಬಾಕೆ ಸೊಪ್ಪು ಮಾರಿಕೊಂಡು ಬಂದಳು. ದಂಟು, ಕೀರೆ, ಎರಡು ಹೊರೆ ತೆಗೆದುಕೊಂಡೆ. ಬಸ್ಸಾರಿನಷ್ಟು ಒದಗುವ ಅಡುಗೆ ಬೇರೆ ಯಾವುದಿದೆ ಹೇಳು. ಕಾಳು ಸೊಪ್ಪು ಬೇಯಿಸಿ ಬಸಿದರೆ ಕಟ್ಟಿನಲ್ಲಿ ಸಾರು, ಸೊಪ್ಪಿನಲ್ಲಿ ಪಲ್ಯ. ಅಷ್ಟೊತ್ತಿಗೆ ಯೋಗೇಂದ್ರ ಹೋಗಿ ಅಕ್ಕಿಯನ್ನೂ ತಂದಿದ್ದ. ಕೆರೆ ಕಾಣುವ ಹಾಗೆ ಜಗಲಿಯ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದೆ. ನಿಮ್ಮ ಭಾವ ಒಂದು ತುತ್ತು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ಆಮೇಲೆ ನಗುತ್ತಾ ಎಲ್ಲರಿಗೂ ಕೇಳುವ ಹಾಗೆ, "ಇಂದ್ರ, ಉಪ್ಪು ಒಂದು ಚೂರು ಮುಂದಾಗದೆ ಕಣೆ!" ಅಂದರು.

ಉಪ್ಪು ಜಾಸ್ತಿಯಾಯಿತು ಎಂದಿದ್ದಕ್ಕೆ ನನಗೆ ಎಲ್ಲಿತ್ತೋ ಸಿಟ್ಟು. ಹಿಂದೆಲ್ಲ ಅವರು ಹೆಸರಿಡದೆ ಊಟ ಮಾಡಿದ ದಿನವೇ ಇರಲಿಲ್ಲ, ನಿನಗೆ ಗೊತ್ತು. ಉಪ್ಪು ಕಮ್ಮಿ, ಹುಳಿ ಜಾಸ್ತಿ, ಒಗ್ಗರಣೆ ಸೀದಿದೆ. ಆದರೆ ಹೋದ ವರ್ಷ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದರಲ್ಲ, ಅವತ್ತಿನಿಂದ ಒಂದೇ ಒಂದು ಕೊಂಕು ತೆಗೆದಿರಲಿಲ್ಲ. "ಈಗ ನನ್ನ ಕೈ ಪಳಗಿದೆ, ನಿಮ್ಮ ಭಾವನ ಬಾಯೇ ಕಟ್ಟಿಹೋಗಿದೆ" ಎಂದು ನಿನ್ನ ಹತ್ತಿರವೇ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ. ಈಗ ನೋಡಿದರೆ ಬೀಗರು ನೆಂಟರ ಹಾಗೆ ಎಲ್ಲರೂ ಕೂತಿರುವಾಗ, ಬೆವರು ಸುರಿಸಿ ಮಾಡಿದ ಸಾರಿಗೆ ಈ ಮಾತು. "ಬಾಯಿ ಮುಚ್ಕೊಂಡು ಉಣ್ಣಿ" ಅಂದುಬಿಟ್ಟೆ. ಮಕ್ಕಳು ಕಿಸಕ್ಕನೆ ನಕ್ಕವು. ಅವರು ತಲೆ ತಗ್ಗಿಸಿ ಉಂಡರು. ಇನ್ನೊಂದು ಸಲ ಸಾರು ಹಾಕಿಸಿಕೊಂಡಿದ್ದು ನನಗೆ ಆಗ ಕಾಣಲಿಲ್ಲ. ಅವತ್ತೆಲ್ಲ ನಾನು ಅವರ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಗಾಳ ಹಿಡಿದುಕೊಂಡು ಕೆರೆಯ ಸೋಪಾನದ ಮೇಲೆ ಕೂತಿದ್ದರು, ಗಗನ ಪಕ್ಕದಲ್ಲಿ. ನಾನು ಒಗ್ಗರಣೆ ಅವಲಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಆ ಮಗು ಕಿರುಚಿಕೊಂಡು ಓಡಿ ಬಂತು. "ಅಜ್ಜೀ, ತಾತ ಮೀನ್ ಥರ ಒದ್ದಾಡ್ತಾ ಇದಾರೆ!"

ಈಳಿಗೆಮಣೆ ಸರಿಸಿ ನಾನು ಏಳುವುದೇ ತಡವಾಯಿತು ಪಂಕಜಾ. ಗಂಡಸರೆಲ್ಲ ಹಿಂದುಗಡೆ ಕ್ರಿಕೆಟ್ ಆಡುತ್ತಿದ್ದರು. ಓಡಿದವಳು ವಾಣಿ. ಅವರ ತಲೆ ನೀರಿನೊಳಗೆ ಜಾರಿತ್ತು. ಈಜು ಬಾರದ ಹುಡುಗಿ ಎದೆಮಟ್ಟ ನೀರಿಗೆ ಇಳಿದು, ಆ ದೊಡ್ಡ ದೇಹವನ್ನು ಎಳೆದು, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಂದ ನೊರೆ ಒರೆಸಿದಳು. ಕೈಕಾಲು ಸೆಟೆದು ಅದುರುತ್ತಿದ್ದವು. ಅದು ನಿಲ್ಲುವವರೆಗೂ ಅವರ ತಲೆ ತೊಡೆಯ ಮೇಲಿಟ್ಟುಕೊಂಡು "ಮಾವ, ಮಾವ" ಅನ್ನುತ್ತಿದ್ದಳು. ಅವಳು ಅಷ್ಟು ಬೇಗ ಹೋಗದಿದ್ದರೆ ಈ ಕಾಗದ ನಾನು ಬೇರೆ ಥರ ಬರೆಯಬೇಕಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ಹೋದ ವರ್ಷದ ಕಾಯಿಲೆ, ಆಗಿನಿಂದ ನುಂಗುವ ಮಾತ್ರೆ ಎಲ್ಲ ಹೇಳಿದ ಮೇಲೆ ಡಾಕ್ಟರು ಮೊದಲು ಕೇಳಿದ್ದೇ, "ಫಿಟ್ಸ್ ಮಾತ್ರೆ ನಿಲ್ಲಿಸಿದ್ರಾ?" ಎಂದು. ಅವರ ಔಷಧಿ ಚೀಲ ಸುರಿದು ನೋಡಿದರೆ ಬಿಪಿ ಮಾತ್ರೆ ಇದೆ, ಫಿಟ್ಸ್ ಮಾತ್ರೆ ಒಂದೂ ಇಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ ಔಷಧಿ ತರುವುದು ಯಾವಾಗಲೂ ವಾಣಿ. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಬಟ್ಟೆಯಿಂದ ಇನ್ನೂ ನೀರು ಸೋರುತ್ತಿತ್ತು.

"ನಾನು ಕೇಳಿದ್ದೆ" ಅಂದಳು. "ಅಂಗಡಿಗೆ ಹೊರಟಾಗ ಕೇಳಿದ್ದೆ, ಮಾವ ನಿಮ್ಮ ಮಾತ್ರೆ ತರಬೇಕಾ ಅಂತ. ಮಾತ್ರೆ ಹೆಚ್ಚವೆ ಬುಡವ್ವ ಅಂದ್ರು."

ಸುಮಿತ್ರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಅಕ್ಕಿ ಹೋದ್ರೆ ಹೋಗ್ಲಿ ಅಂದ್ಕೊಂಡ್ವಿ. ಇವತ್ತು ನಮ್ಮಣ್ಣನ್ನೇ ಹೆಚ್ಚಿಸ್ಬುಡ್ತಿದ್ದೆಯಲ್ಲವ್ವ!"

ಸಿದ್ದೇಶ ಹೆಂಡತಿಯ ಪರ ಒಂದು ಮಾತಾಡುತ್ತಾನೆ ಎಂದು ನಾನು ಕಾದೆ. ಅವನು "ಅಷ್ಟೂ ತಿಳ್ಕೊಳಕ್ಕಾಗಲ್ವ ನಿಂಗೆ? ಒಂದು ವರ್ಷ ಆಯ್ತಲ್ಲ ಬಂದು" ಅಂದು ಹೊರಗೆ ಹೋದ. ನಾನೂ ಬಾಯಿ ಬಿಡಲಿಲ್ಲ. ನಿಮ್ಮ ಭಾವ ಮಂಚದ ಮೇಲೆ ಮಂಪರಿನಲ್ಲಿದ್ದರು, ಕಣ್ಣು ಮುಚ್ಚಿತ್ತು.

ಮತ್ತೆ ಮಾತ್ರೆ ಶುರುವಾಗಿ ಅವರಿಗೆ ಈಗ ವಾಸಿ. ಓಡಾಡುತ್ತಾರೆ. ಆದರೆ ಮನೆ ಮನೆಯಾಗಿಲ್ಲ. ಔಷಧಿ ತರುವ ಕೆಲಸ ವಾಣಿಯಿಂದ ಕಿತ್ತುಕೊಂಡು ಯೋಗೇಂದ್ರನಿಗೆ ಕೊಟ್ಟಿದ್ದಾರೆ. ಸುಮಿತ್ರಮ್ಮ ಎರಡು ಬೀದಿ ಆಚೆಯೇ ಇರುವುದಲ್ಲವಾ, ಕೊಪ್ಪಲಿಗೆಲ್ಲ ಈ ಕಥೆ ಹಂಚಿದ್ದಾಳೆ. ‘ಹೆಚ್ಚಿದೆ’ ಎನ್ನುವ ಮಾತು ಯಾರ ಬಾಯಿಂದ ಬಂದರೂ ಆ ಹುಡುಗಿ ಬೆಚ್ಚಿ ತಲೆ ಎತ್ತುತ್ತಾಳೆ. ನಮ್ಮ ಜೊತೆ ಊಟಕ್ಕೆ ಕೂರುವುದು ಬಿಟ್ಟಿದ್ದಾಳೆ. ನೀರಿಂದ ಎಳೆದು ತಂದವಳು ಅವಳು ಎನ್ನುವುದು ಯಾರಿಗೂ ನೆನಪಿಲ್ಲ. ನನಗೆ ನೆನಪಿದೆ, ಆದರೂ ಎರಡು ವಾರದಿಂದ ಸುಮ್ಮನಿದ್ದೇನೆ. ಗಂಡನನ್ನು ಕಳೆದುಕೊಳ್ಳುತ್ತಿದ್ದೆ ಎನ್ನುವ ಭಯಕ್ಕೆ ನನಗೂ ಯಾರ ಮೇಲಾದರೂ ಸಿಟ್ಟು ಬೇಕಿತ್ತು ಅನ್ನಿಸುತ್ತದೆ. ಈಗ ಭಾನುವಾರ ಹತ್ತಿರ ಬಂತು. ಏನು ಹೇಳಿ ತಡೆಯಲಿ? ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಮಗನಿಗೆ, ಸೊಸೆಗೆ, ಪುಟ್ಟ ಕೂಸಿಗೆ ನನ್ನ ಆಶೀರ್ವಾದ. ಬಾಣಂತಿಗೆ ಬಿಸಿ ಬಿಸಿ ಊಟ ಹಾಕು, ತಣ್ಣಗಿನದ್ದು ಬೇಡ. ತಾಯಿ ಚಾಮುಂಡಿ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಇಂದ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಆಮೇಲೆ ಗೊತ್ತಾದದ್ದು. ಭಾನುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಶುಕ್ರವಾರ ಕಾಗದ ಅಂಟಿಸುವಾಗ ಒಂದು ವಿಷಯ ತಲೆಗೆ ಹೊಳೆಯಿತು. ಅಕ್ಕಿ ಹೆಚ್ಚುತ್ತದೆ, ಕುಂಕುಮ ಹೆಚ್ಚುತ್ತದೆ. ಔಷಧಿ ಹೆಚ್ಚಿದೆ ಎಂದು ಯಾರಾದರೂ ಅನ್ನುವುದು ಕೇಳಿದ್ದೀಯಾ? ಔಷಧಿ ಮುಗಿಯಲಿ ಎಂದಲ್ಲವಾ ನಾವು ಬೇಡಿಕೊಳ್ಳುವುದು. ಮಾತ್ರೆ ಮುಗಿದಾಗಲೆಲ್ಲ ನಿಮ್ಮ ಭಾವ "ಮುಗೀತು, ಪೀಡೆ ತೊಲಗ್ತು" ಎಂದೇ ಅಂದದ್ದು. ನಾವೆಲ್ಲ ಈ ಮಾತಿನಲ್ಲೇ ಹುಟ್ಟಿ ಬೆಳೆದವರು, ಒಬ್ಬರಿಗೂ ಇದು ಹೊಳೆಯಲಿಲ್ಲ.

ಎದ್ದು ಹೋಗಿ ಅವರ ಸಾಮಾನೆಲ್ಲ ಹುಡುಕಿದೆ. ಗಾಳದ ಕೊಕ್ಕೆ ಇಡುವ ತಗಡಿನ ಡಬ್ಬಿಯಲ್ಲಿ ಮಾತ್ರೆಯ ಶೀಟುಗಳು, ಒಡೆಯದೆ ಹಾಗೇ ಇದ್ದವು. ಡಬ್ಬಿಯನ್ನು ಅವರ ಮುಂದೆ ಇಟ್ಟೆ. ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು.

"ಆ ಮಾತ್ರೆ ನುಂಗಕ್ಕೆ ಶುರು ಮಾಡ್ದಾಗಿಂದ ಬಾಯಿಗೆ ರುಚಿನೇ ಇಲ್ಲ ಕಣೆ" ಅಂದರು. "ಒಂದು ವರ್ಷ ಆಯ್ತು. ಉಪ್ಪಿಲ್ಲ, ಹುಳಿ ಇಲ್ಲ, ನೀನು ಏನ್ ಬಡಿಸಿದ್ರೂ ಮಣ್ಣು ತಿಂದಂಗೆ. ಕೆರೆತಾವ ಎಲ್ಲಾರು ಒಟ್ಟಿಗೆ ಕೂತು ನಿನ್ನ ಕೈ ಅಡುಗೆ ಉಣ್ತೀವಲ್ಲ, ಅದೊಂದು ಸಲ ರುಚಿ ನೋಡವ ಅಂತ ಮಾತ್ರೆ ಮೊದಲೇ ಬುಟ್ಟಿದ್ದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಡುಗೆ ಮಾಡೋವಾಗೆಲ್ಲ ಅದೇ ನೆನಸ್ಕೊಂಡು ಕೊರಗ್ತಿದ್ದೆ."

ವಾಣಿಯ ಮೇಲೆ ಮಾತು ಬಂದಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಮಂಪರು ಇಳಿಯುವ ಹೊತ್ತಿಗೆ ತಪ್ಪು ಅವಳದ್ದೆಂದು ಎಲ್ಲರೂ ತೀರ್ಮಾನ ಮಾಡಿಯಾಗಿತ್ತಂತೆ. ನಾಲಗೆ ಚಪಲಕ್ಕೆ ಪ್ರಾಣ ಬಿಡಲು ಹೋಗಿದ್ದೆ ಎಂದು ಮಕ್ಕಳ ಮುಂದೆ ಹೇಳಲು ನಾಚಿಕೆಯಂತೆ. "ನೀನೂ ಹೇಳ್ಬೇಡ" ಎಂದು ನನ್ನ ಕೈ ಹಿಡಿದುಕೊಂಡು ಭಾಷೆ ತೆಗೆದುಕೊಂಡರು. ನಾನೂ ಕೊಟ್ಟೆ. ಆದರೆ ಆ ಹುಡುಗಿಯ ಪೆಟ್ಟಿಗೆ ನಡುಮನೆಯಲ್ಲಿ ಕೂತಿತ್ತಲ್ಲ, ಅದನ್ನು ದಾಟಿಕೊಂಡು ಓಡಾಡುವುದು ನನ್ನಿಂದ ಆಗಲಿಲ್ಲ.

ಕೊಟ್ಟ ಮಾತಿಗೆ ನಾನು ತಪ್ಪಿಲ್ಲ ಪಂಕಜಾ. ನಿನ್ನೆ ಬಸ್ಸಾರು ಮಾಡಿದೆ, ಉಪ್ಪು ಹಾಕಲಿಲ್ಲ, ಅಷ್ಟೇ. ಸುಮಿತ್ರಮ್ಮನನ್ನೂ ಊಟಕ್ಕೆ ಕರೆದಿದ್ದೆ. ವಾಣಿಯನ್ನು ರಟ್ಟೆ ಹಿಡಿದು ಕೂರಿಸಿದೆ. ಎಲ್ಲರೂ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಅತ್ತಿಗೆ, ಇದೇನು..." ಎಂದು ಸುಮಿತ್ರಮ್ಮ ಬಾಯಿ ತೆರೆದವಳು ಅಣ್ಣನ ಕಡೆ ನೋಡಿ ನಿಲ್ಲಿಸಿದಳು. ನಿಮ್ಮ ಭಾವ ಮುದ್ದೆ ಮುರಿದು ಸಾರಿಗೆ ಅದ್ದಿ ಅದ್ದಿ ನುಂಗುತ್ತಿದ್ದರು. "ಚೆನ್ನಾಗದೆ ಇಂದ್ರ, ಇನ್ನೊಂದು ಸೌಟು ಹಾಕು" ಅಂದರು. ಹಾಕಿದೆ. ಯಾರ ಕೈಯೂ ತಟ್ಟೆಗೆ ಹೋಗದಿದ್ದದ್ದು ಆಮೇಲೆ ಅವರಿಗೆ ಕಂಡಿತು. "ಯಾಕ್ರೋ, ಯಾರೂ ಉಣ್ತಿಲ್ಲ?"

"ತಾತ, ಸಾರಿಗೆ ಉಪ್ಪೇ ಇಲ್ಲ!" ಅಂತು ಗಗನ.

ಅವರು ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ವಾಣವ್ವ, ನೀನು ಸರಿಯಾಗೇ ಕೇಳಿಸ್ಕೊಂಡಿದ್ದೆ" ಅಂದರು. "ಮಾತ್ರೆ ಹೆಚ್ಚೇ ಇದ್ವು. ನಾನೇ ನುಂಗಿರ್ಲಿಲ್ಲ." ಮಿಕ್ಕದ್ದನ್ನೂ ಅವರೇ ಹೇಳಿದರು. ಸಿದ್ದೇಶ ತಟ್ಟೆ ನೋಡುತ್ತಾ ಕೂತ.

ವಾಣಿ ಎದ್ದು ಒಳಗೆ ಹೋದಳು. ಅಳಲು ಹೋದಳು ಅಂದುಕೊಂಡೆ. ಉಪ್ಪಿನ ಡಬ್ಬಿ ಹಿಡಿದುಕೊಂಡು ಬಂದು ಮೊದಲು ಅವರ ಮುಂದೆ ಬಗ್ಗಿ, "ಎಷ್ಟು ಹಾಕ್ಲಿ ಮಾವ?" ಅಂದಳು.

"ನಂಗೆಲ್ಲಿ ಗೊತ್ತಾಯ್ತದೆ ಕಣವ್ವ, ನಿಮ್ಮತ್ತೆನ ಕೇಳು" ಅಂದರು.

ಅವಳು ಇವತ್ತು ಸಂಜೆ ಹೊರಡುವುದು ಹೊರಡುವುದೇ. ಅವಳಪ್ಪ ಕಾಯುತ್ತಿದ್ದಾರೆ. ಸಿದ್ದೇಶನೂ ಜೊತೆಗೆ ಹೊರಟಿದ್ದಾನೆ, ಬಸ್ಸಿನಲ್ಲಿ ಜಾಗ ಸಿಗಲಿ ಸಿಗದಿರಲಿ. ಈಗ ತಾನೇ ಬಂದು "ಸಂಜೆ ಹೋಗಿ ಬರ್ತೀನಿ ಅತ್ತೆ" ಅಂದಳು. ಬರ್ತೀನಿ ಎನ್ನುವುದನ್ನು ಒಂದಿಷ್ಟು ತಡೆದು ಅಂದಳು, ಆದರೂ ಅಂದಳು. ನಮ್ಮನ್ನೆಲ್ಲ ಕ್ಷಮಿಸಿಬಿಟ್ಟಿದ್ದಾಳೆ ಎಂದು ನಾನೇನೂ ತಿಳಿದುಕೊಂಡಿಲ್ಲ.

ಬೇರೆ ಮಾತ್ರೆ ಕೊಟ್ಟು ನೋಡೋಣ, ಆದರೆ ರುಚಿ ಬಂದೇ ಬರುತ್ತದೆಂದು ಹೇಳಲಾಗದು ಎಂದು ಡಾಕ್ಟರು ಫೋನಿನಲ್ಲಿ ಯೋಗೇಂದ್ರನಿಗೆ ಹೇಳಿದರಂತೆ. ಅಲ್ಲಿಯವರೆಗೂ ಇದನ್ನೇ ನುಂಗಬೇಕು. ನಿನ್ನೆಯಿಂದ ನಾನೇ ಕೊಡುತ್ತಿದ್ದೇನೆ, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತೇನೆ. ಇಷ್ಟು ವರ್ಷ ಈ ಕೈಯಲ್ಲಿ ಅವರಿಗೆ ರುಚಿ ಬಡಿಸಿದೆ, ಈಗ ಇದೇ ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೇನೆ.

ಕೆರೆ ದಂಡೆಯಲ್ಲಿ ಉಪ್ಪು ಮುಂದಾಗಿದೆ ಎಂದಾಗ ಅವರು ನಗುತ್ತಿದ್ದರು ಎಂದು ಬರೆದೆನಲ್ಲ, ನನ್ನನ್ನು ಹಂಗಿಸಿ ನಗುತ್ತಿದ್ದಾರೆ ಎಂದುಕೊಂಡಿದ್ದೆ. ವರ್ಷದ ಮೇಲೆ ನನ್ನ ಸಾರು ಅವರ ನಾಲಗೆಗೆ ಹತ್ತಿತ್ತು ಪಂಕಜಾ, ಆ ಖುಷಿಯನ್ನು ಮೊದಲು ನನಗೇ ಕೂಗಿ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಉಣ್ಣಿ ಅಂದೆ.